ಒಂದು ಓಮ್‌ಗಿಂತ ಕೆಳಗೆ: ವೇಪಿಂಗ್‌ನ ದಟ್ಟ ಆವಿ ಮತ್ತು ಎದೆಯ ಉರಿ

ಸಬ್-ಓಮ್ ವೇಪಿಂಗ್ ಎಂದರೆ ದ್ರವ ಕಾಯಿಸುವ ಕಾಯಿಲ್‌ನ ರೋಧ ಒಂದು ಓಮ್‌ಗಿಂತ ಕಡಿಮೆ ಇರುವಂತೆ ಮಾಡಿ ಇ-ಸಿಗರೇಟ್ ಸೇದುವ ಪದ್ಧತಿ. ಸಾಧಾರಣ ಇ-ಸಿಗರೇಟಿನ ಕಾಯಿಲ್‌ನ ರೋಧ ಒಂದರಿಂದ ಎರಡು ಓಮ್‌ ಆಸುಪಾಸಿನಲ್ಲಿದ್ದರೆ, ಇಲ್ಲಿ ಅದು 0.5, 0.2, ಕೆಲವೊಮ್ಮೆ 0.15 ಓಮ್‌ಗೂ ಇಳಿಯುತ್ತದೆ. ರೋಧ ಇಳಿದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ, ತಂತಿ ಹೆಚ್ಚು ಕಾಯುತ್ತದೆ, ದ್ರವ ಹೆಚ್ಚು ಆವಿಯಾಗುತ್ತದೆ. ಬಾಯಿಂದ ಹೊರಬೀಳುವ ಬಿಳಿ ಮೋಡ ಎದುರಿಗಿದ್ದವರ ಮುಖ ಮರೆಯಾಗುವಷ್ಟು ದಟ್ಟ. ಆ ಮೋಡಕ್ಕೋಸ್ಕರವೇ ಹುಟ್ಟಿಕೊಂಡ ಪದ್ಧತಿ ಇದು. ಇದನ್ನು ರೂಢಿ ಮಾಡಿಕೊಂಡವರಲ್ಲಿ ಒಣಕೆಮ್ಮು, ಗಂಟಲ ಕೆರೆತ, ಎದೆ ಬಿಗಿತದ ದೂರುಗಳು ಕೇಳಿಬರುತ್ತವೆ. ಇಂಥ ದೂರು ಬಂದಾಗ ಎಲ್ಲರೂ ಮೊದಲು ಬೆರಳು ತೋರಿಸುವುದು ನಿಕೋಟಿನ್ ಕಡೆಗೆ. ಆದರೆ ಸಬ್-ಓಮ್ ದ್ರವದಲ್ಲಿ ನಿಕೋಟಿನ್ ಕಡಿಮೆಯೇ ಇರುತ್ತದೆ. ಉರಿಯ ಮೂಲವನ್ನು ಕಾಯಿಲ್‌ನ ಶಾಖದಲ್ಲಿ, ಒಂದೊಂದು ಉಸಿರಿಗೆ ಒಳಹೋಗುವ ಆವಿಯ ಪ್ರಮಾಣದಲ್ಲಿ ಹುಡುಕಬೇಕಾಗುತ್ತದೆ.

ಇ-ಸಿಗರೇಟನ್ನು ಇಂದಿನ ರೂಪಕ್ಕೆ ತಂದವರು ಚೀನಾದ ಔಷಧತಜ್ಞ ಹಾನ್ ಲಿಕ್. 2003ರಲ್ಲಿ ಅವರು ರೂಪಿಸಿದ ಸಾಧನದ ಗುರಿ ತಂಬಾಕು ಸುಡದೆ, ಬೂದಿ ಉದುರಿಸದೆ ನಿಕೋಟಿನ್ ಒದಗಿಸುವುದಷ್ಟೇ ಆಗಿತ್ತು. ಮೊದಲ ತಲೆಮಾರಿನ ಸಾಧನಗಳು ನೋಡಲು ಸಿಗರೇಟಿನ ಹಾಗೇ ಇದ್ದವು. ತುದಿಯಲ್ಲಿ ಮಿನುಗುವ ದೀಪ ಬೇರೆ. ಆವಿ ಮಾತ್ರ ತೆಳು. ಅದರಿಂದ ತೃಪ್ತರಾಗದ ಹವ್ಯಾಸಿಗಳು, ಮುಖ್ಯವಾಗಿ ಅಮೆರಿಕದಲ್ಲಿ, ದೊಡ್ಡ ಸೆಲ್ ಹಿಡಿಸುವ ಲೋಹದ ಕೊಳವೆ ಮಾಡಿಕೊಂಡು, ಕೈಯಲ್ಲೇ ತಂತಿ ಸುತ್ತಿ, ನಡುವೆ ಹತ್ತಿ ತುರುಕಿ ತಮ್ಮದೇ ಸಾಧನ ಕಟ್ಟತೊಡಗಿದರು. ಇವಕ್ಕೆ ಮಾಡ್ ಎಂಬ ಹೆಸರು ಬಿತ್ತು. ಯಾರ ಮೋಡ ಉದ್ದ ಎಂದು ಅಳತೆಪಟ್ಟಿಯ ಮುಂದೆ ನಿಂತು ಊದುವ ಪಂದ್ಯಗಳೂ ನಡೆದವು. 2014ರ ಹೊತ್ತಿಗೆ ಕಂಪನಿಗಳು ಸಿದ್ಧ ಕಾಯಿಲ್ ಇರುವ ಸಬ್-ಓಮ್ ಟ್ಯಾಂಕ್‌ಗಳನ್ನು ಮಾರುಕಟ್ಟೆಗೆ ಬಿಟ್ಟವು. ತಂತಿ ಸುತ್ತಲು ಬಾರದವರಿಗೂ ಮೋಡ ಎಟುಕಿದ್ದು ಆಗ.

ಇದರ ಹಿಂದಿನ ಗಣಿತ ಹೈಸ್ಕೂಲಿನದು. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ. ಆ ಕರೆಂಟನ್ನು ವೋಲ್ಟೇಜಿನಿಂದ ಗುಣಿಸಿದರೆ ವ್ಯಾಟ್. ಪೂರ್ತಿ ಚಾರ್ಜ್ ಆದ ಲಿಥಿಯಂ ಸೆಲ್ 4.2 ವೋಲ್ಟ್ ಕೊಡುತ್ತದೆ. ಅದಕ್ಕೆ 1.8 ಓಮ್ ಕಾಯಿಲ್ ಜೋಡಿಸಿದರೆ ಹರಿಯುವುದು ಸುಮಾರು 2.3 ಆಂಪಿಯರ್, ಶಾಖ 10 ವ್ಯಾಟಿನೊಳಗೆ. ಅದೇ ಸೆಲ್‌ಗೆ 0.2 ಓಮ್ ಕಾಯಿಲ್ ಹಾಕಿದರೆ 21 ಆಂಪಿಯರ್, 88 ವ್ಯಾಟ್. ಹೆಬ್ಬೆರಳು ಗಾತ್ರದ 18650 ಮಾದರಿಯ ಎಷ್ಟೋ ಸೆಲ್‌ಗಳು ಸುರಕ್ಷಿತವಾಗಿ ಸತತ ಕೊಡಬಲ್ಲ ಕರೆಂಟು 20 ಆಂಪಿಯರ್ ಆಸುಪಾಸಿನದು. ಚಿಪ್ ಇರುವ ಮಾಡ್‌ಗಳು ವೋಲ್ಟೇಜನ್ನು ತಾವೇ ಹತೋಟಿಯಲ್ಲಿಡುತ್ತವೆ. ಚಿಪ್ಪೇ ಇಲ್ಲದ ಮೆಕ್ಯಾನಿಕಲ್ ಮಾಡ್‌ಗಳಲ್ಲಿ ತಡೆಯುವವರು ಯಾರೂ ಇಲ್ಲ. 2018ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 2019ರ ಆರಂಭದಲ್ಲಿ ಟೆಕ್ಸಸ್‌ನಲ್ಲಿ ಸಾಧನ ಸಿಡಿದು ಒಬ್ಬೊಬ್ಬರು ಸತ್ತದ್ದುಂಟು. ಆದರೆ ಅದು ಬ್ಯಾಟರಿಯ ಅಪಾಯ. ಶ್ವಾಸಕೋಶದ ಕಥೆ ಬೇರೆ.

ಕಾಯಿಲ್ ಎನ್ನುವುದು ಕಿರುಬೆರಳ ತುದಿಯ ಗಾತ್ರದ ಒಂದು ಲೋಹದ ಉರುಟು ಡಬ್ಬಿ. ಪಕ್ಕದಲ್ಲಿ ದ್ರವ ಒಳಬರಲು ನಾಲ್ಕಾರು ತೂತುಗಳು. ಒಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಅಥವಾ ಜಾಲರಿ. ಅದಕ್ಕೆ ಒತ್ತಿಕೊಂಡ ಹತ್ತಿ. ತಂತಿ ಕಬ್ಬಿಣ-ಕ್ರೋಮಿಯಂ-ಅಲ್ಯುಮಿನಿಯಂ ಮಿಶ್ರಣದ ಕ್ಯಾಂಥಾಲ್ ಇರಬಹುದು, ನಿಕಲ್-ಕ್ರೋಮಿಯಂನ ನಿಕ್ರೋಮ್ ಇರಬಹುದು, ಸ್ಟೇನ್‌ಲೆಸ್ ಸ್ಟೀಲೂ ಇರಬಹುದು. ಗುಂಡಿ ಒತ್ತಿದೊಡನೆ ತಂತಿ ಕಾಯುತ್ತದೆ, ಹತ್ತಿ ಹೀರಿಕೊಂಡ ದ್ರವ ಅಂಚಿನಲ್ಲಿ ಪಟಪಟ ಸದ್ದು ಮಾಡಿ ಆವಿಯಾಗುತ್ತದೆ, ಆ ಆವಿ ಗಾಳಿಯಲ್ಲಿ ತಣಿದು ಸೂಕ್ಷ್ಮ ಹನಿಗಳ ಮಂಜಾಗುತ್ತದೆ. ಮೂರು-ನಾಲ್ಕು ಸೆಕೆಂಡಿನ ಕೆಲಸ. ಒಂದೆರಡು ವಾರ ಬಳಸಿದ ಕಾಯಿಲ್ ಬಿಚ್ಚಿದರೆ ಬಿಳಿ ಹತ್ತಿ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ; ತಂತಿಯ ಮೇಲೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ಸಿಹಿ ಸ್ವಾದದ ದ್ರವವಾದರೆ ಹಕ್ಕಳೆ ಇನ್ನೂ ಬೇಗ. ಮುಂದಿನ ಪ್ರತಿ ದಮ್ಮಿನಲ್ಲೂ ಹೊಸ ದ್ರವದ ಜೊತೆಗೆ ಆ ಹಕ್ಕಳೆಯೂ ಮತ್ತೊಮ್ಮೆ ಕಾಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಗೆಹರಿಯಬೇಕು. ಓಮ್ ಕಡಿಮೆಯಾದ ಮಾತ್ರಕ್ಕೆ ಆವಿ ವಿಷವಾಗುವುದಿಲ್ಲ. ದಪ್ಪ ತಂತಿಯ, ಅಗಲ ಜಾಲರಿಯ ಕಾಯಿಲ್‌ನಲ್ಲಿ 60 ವ್ಯಾಟ್ ಶಾಖ ವಿಶಾಲ ಮೈಮೇಲೆ ಹಂಚಿಹೋಗುತ್ತದೆ. ಸಣ್ಣ ತಂತಿಯೊಂದರಲ್ಲಿ 15 ವ್ಯಾಟೂ ಅತಿಯಾಗಬಹುದು. ಎಣಿಸಬೇಕಾದದ್ದು ತಂತಿಯ ಒಂದೊಂದು ಚದರ ಮಿಲಿಮೀಟರಿಗೆ ಬೀಳುವ ವ್ಯಾಟ್ ಎಷ್ಟೆಂಬುದನ್ನು. ಲೆಬನಾನಿನ ಬೇರೂತ್ ನಗರದ ಅಮೆರಿಕನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಇದನ್ನು ವಿವರಿಸಿತು. ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಹನಿ ಥಟ್ಟನೆ ಆರದೆ ಗುಂಡಾಗಿ ಕುಣಿಯುತ್ತ ಓಡಾಡುತ್ತದೆ; ಹನಿಯ ಅಡಿಯಲ್ಲಿ ಹುಟ್ಟಿದ ಆವಿಯ ತೆಳುಪದರ ಅದನ್ನು ಲೋಹಕ್ಕೆ ತಾಗಗೊಡುವುದಿಲ್ಲ. ಕಾಯಿಲ್‌ನಲ್ಲೂ ಶಾಖ ಒಂದು ಮಿತಿ ದಾಟಿದರೆ ತಂತಿಗೂ ದ್ರವಕ್ಕೂ ನಡುವೆ ಇಂಥ ಆವಿಪದರ ಏಳುತ್ತದೆ. ಆಗ ದ್ರವ ತಂತಿಯನ್ನು ತಣಿಸಲಾರದು. ತಂತಿಯ ಉಷ್ಣತೆ ಒಮ್ಮೆಲೇ ಏರುತ್ತದೆ, ಆವಿ ಒಡೆದು ಬೇರೆ ರಾಸಾಯನಿಕಗಳಾಗುತ್ತದೆ. ಹೆಚ್ಚು ವ್ಯಾಟಿನ ಬಳಕೆಯಲ್ಲಿ ಈ ಮಿತಿ ದಾಟುವುದು ಸುಲಭ.

ಏನು ಒಡೆದು ಏನಾಗುತ್ತದೆ ಎಂಬುದು ದ್ರವದಲ್ಲೇನಿದೆ ಎಂಬುದರ ಮೇಲಿದೆ. ವೇಪಿಂಗ್ ಮಾಡುವವರು ಜ್ಯೂಸ್ ಎಂದು ಕರೆಯುವ ಈ ದ್ರವದ ಬಹುಪಾಲು ಎರಡೇ ಪದಾರ್ಥ: ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಉಳಿದದ್ದು ಸ್ವಾದ, ನಿಕೋಟಿನ್. ದಟ್ಟ ಮೋಡಕ್ಕೆ ಗ್ಲಿಸರಿನ್ ಬೇಕು. ಹಾಗಾಗಿ ಸಬ್-ಓಮ್ ದ್ರವದಲ್ಲಿ ಅದು ಶೇಕಡ 70 ಅಥವಾ ಅದಕ್ಕೂ ಹೆಚ್ಚು. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಗ್ಲಿಸರಿನ್‌ಗೆ 290 ಡಿಗ್ರಿ ಬೇಕು. ಎರಡೂ ತಿಂಡಿಯಲ್ಲಿ, ಔಷಧದಲ್ಲಿ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಬಳಕೆಯಾಗುವ ಪದಾರ್ಥಗಳೇ. ಮಾರುವವರ ಸಮರ್ಥನೆಯೂ ಅದೇ. ಆದರೆ ಹೊಟ್ಟೆಗೆ ಒಗ್ಗಿದ್ದು ಶ್ವಾಸಕೋಶಕ್ಕೆ ಒಗ್ಗಬೇಕೆಂದಿಲ್ಲ. ಹೊಟ್ಟೆಯಲ್ಲಿ ಆಮ್ಲವಿದೆ, ಬೆನ್ನಿಗೆ ಯಕೃತ್ತಿದೆ. ಎದೆಗೂಡಿನೊಳಗಿನ ಗಾಳಿಚೀಲಗಳಿಗೂ ರಕ್ತಕ್ಕೂ ನಡುವೆ ಇರುವುದು ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಪೊರೆ.

ಗ್ಲಿಸರಿನ್ ಅತಿಯಾಗಿ ಕಾದರೆ ಅಕ್ರೋಲೀನ್ ಹುಟ್ಟುತ್ತದೆ. ಇದರ ಪರಿಚಯ ಪ್ರತಿ ಅಡುಗೆಮನೆಗೂ ಇದೆ: ಬಾಣಲೆಯಲ್ಲಿ ಎಣ್ಣೆ ಹೊಗೆಯಾಡಿದಾಗ ಕಣ್ಣಲ್ಲಿ ನೀರು ತರಿಸುವ ಘಾಟಿನಲ್ಲಿ ಇರುವುದು ಇದೇ ಅಕ್ರೋಲೀನ್. ಪ್ರೊಪಿಲೀನ್ ಗ್ಲೈಕಾಲ್‌ನಿಂದ ಅಸಿಟಾಲ್ಡಿಹೈಡ್, ಎರಡರಿಂದಲೂ ಫಾರ್ಮಾಲ್ಡಿಹೈಡ್ ಬರಬಹುದು. ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಪತ್ರ ದೊಡ್ಡ ಸುದ್ದಿಯಾಯಿತು. ಒಂದೇ ಸಾಧನ 3.3 ವೋಲ್ಟ್‌ನಲ್ಲಿದ್ದಾಗ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟ್‌ಗೆ ಏರಿಸಿದಾಗ ಧಾರಾಳವಾಗಿ ಕಂಡಿದ್ದವು. ಗ್ರೀಸ್‌ನ ಹೃದ್ರೋಗತಜ್ಞ ಕಾನ್‌ಸ್ಟಾಂಟಿನೋಸ್ ಫರ್ಸಲಿನೋಸ್ ಮುಂತಾದವರು ಇದನ್ನು ಒಪ್ಪಲಿಲ್ಲ. ಆ ಮಟ್ಟಕ್ಕೆ ಕಾದ ಆವಿ ಸೀದ ರುಚಿ ಕೊಡುತ್ತದೆ, ಅದನ್ನು ಯಾವ ಮನುಷ್ಯನೂ ಸೇದಲಾರ, ಯಂತ್ರ ಮಾತ್ರ ಸೇದೀತು ಎಂಬುದು ಅವರ ವಾದ. ಹತ್ತಿ ಒಣಗಿದಾಗ ಬರುವ ಈ ಕಹಿ ದಮ್ಮಿಗೆ ಡ್ರೈ ಹಿಟ್ ಎಂದೇ ಹೆಸರು.

ವಾದದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯ 2016ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಅಕ್ರೋಲೀನ್, ಫಾರ್ಮಾಲ್ಡಿಹೈಡ್‌ಗಳು ವೋಲ್ಟೇಜ್ ಏರಿದಂತೆ ಹೆಚ್ಚುತ್ತವೆ. ಒಂದಾದ ಮೇಲೊಂದು ದಮ್ಮೆಳೆದು ಸಾಧನ ಕಾದಂತೆ ಹೆಚ್ಚುತ್ತವೆ. ಅದೇ ಸಾಧನವನ್ನು ಮತ್ತೆ ಮತ್ತೆ ಬಳಸಿ ಹಕ್ಕಳೆ ಕಟ್ಟಿದ ಮೇಲೂ ಹೆಚ್ಚುತ್ತವೆ. ಜೊತೆಗೆ ನಾಲಗೆಯ ಎಚ್ಚರಿಕೆಯನ್ನು ಅಡಗಿಸುವ ವ್ಯವಸ್ಥೆ ದ್ರವದಲ್ಲೇ ಇರುತ್ತದೆ. ಮೆಂಥಾಲ್ ಗಂಟಲಿಗೆ ತಂಪೆನಿಸಿ ಉರಿಯನ್ನು ಮುಚ್ಚಿಬಿಡುತ್ತದೆ. ಸಿಹಿಗಾಗಿ ಬೆರೆಸುವ ಸುಕ್ರಲೋಸ್ ಕಹಿಯನ್ನು ಮರೆಸುವುದಲ್ಲದೆ, ತಾನೇ ಕಾದು ಒಡೆದು ದ್ರವ ಇನ್ನಷ್ಟು ಆಲ್ಡಿಹೈಡ್‌ಗಳಾಗುವಂತೆ ಮಾಡುತ್ತದೆ ಎಂಬುದನ್ನೂ ಪೋರ್ಟ್‌ಲೆಂಡ್‌ನ ತಂಡವೇ 2019ರಲ್ಲಿ ತೋರಿಸಿತು.

ಇನ್ನು ಪ್ರಮಾಣ. ಸಿಗರೇಟು ಸೇದುವವರು ಹೊಗೆಯನ್ನು ಮೊದಲು ಬಾಯಿಗೆ ತುಂಬಿಕೊಂಡು ಆಮೇಲೆ ಎದೆಗೆ ಇಳಿಸುತ್ತಾರೆ. ಹೆಚ್ಚು ಓಮ್‌ನ, ಪಾಡ್ ಎನ್ನುವ ಪುಟ್ಟ ಸಾಧನಗಳನ್ನು ಬಳಸುವ ಕ್ರಮವೂ ಅದೇ. ಒಂದು ದಮ್ಮಿನ ಗಾತ್ರ ಹೆಚ್ಚೆಂದರೆ ಬಾಯಿ ಹಿಡಿಯುವಷ್ಟು. ಸಬ್-ಓಮ್ ಸಾಧನದ ಗಾಳಿಕಿಂಡಿ ಅಗಲ. ಅದರಲ್ಲಿ ಸೇದುವುದಕ್ಕಿಂತ ಉಸಿರಾಡುವುದೇ ಹೆಚ್ಚು. ಆವಿ ಬಾಯಲ್ಲಿ ನಿಲ್ಲದೆ ನೇರ ಎದೆಗೆ ಇಳಿಯುತ್ತದೆ. ವಯಸ್ಕರ ಒಂದು ಸಹಜ ಉಸಿರಿನ ಗಾತ್ರವೇ ಸುಮಾರು ಅರ್ಧ ಲೀಟರ್. ಅಷ್ಟೂ ಗಾಳಿಯಲ್ಲಿ ಮಂಜು ತುಂಬಿಕೊಂಡಿರುತ್ತದೆ.

ಕಡಿಮೆ ನಿಕೋಟಿನ್ ಎಂಬ ಸಮಾಧಾನ ಕರಗುವುದು ಈ ಲೆಕ್ಕದಲ್ಲೇ. ಒಬ್ಬರು ಮಿಲಿಲೀಟರಿಗೆ 12 ಮಿಲಿಗ್ರಾಂ ನಿಕೋಟಿನ್ ಇರುವ ದ್ರವವನ್ನು ದಿನಕ್ಕೆ 2 ಮಿಲಿಲೀಟರ್ ಬಳಸುತ್ತಾರೆ ಎನ್ನೋಣ; ಸಾಧನಕ್ಕೆ ಹೋದ ನಿಕೋಟಿನ್ 24 ಮಿಲಿಗ್ರಾಂ. ಇನ್ನೊಬ್ಬರು 3 ಮಿಲಿಗ್ರಾಂನ ‘ಸೌಮ್ಯ’ ದ್ರವ ತುಂಬಿಸಿ ದಿನಕ್ಕೆ 8 ಮಿಲಿಲೀಟರ್ ಖಾಲಿ ಮಾಡುತ್ತಾರೆ. ಅದೂ 24 ಮಿಲಿಗ್ರಾಂ. ನಿಕೋಟಿನ್ ಎರಡೂ ಕಡೆ ಸಮ, ಆದರೆ ಎರಡನೆಯವರ ಎದೆಗೆ ಇಳಿಯಲು ಸಿದ್ಧವಾದ ಗ್ಲಿಸರಿನ್, ಗ್ಲೈಕಾಲ್, ಸ್ವಾದ ನಾಲ್ಕು ಪಟ್ಟು. ಲಂಡನ್ ಸೌತ್ ಬ್ಯಾಂಕ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗಿಯಾಗಿದ್ದ 2018ರ ಅಧ್ಯಯನವೊಂದು ಇದನ್ನು ಜನರ ಮೇಲೆಯೇ ಗಮನಿಸಿತು: ನಿಕೋಟಿನ್ ಕಡಿಮೆ ಮಾಡಿದಾಗ ಬಳಸುವವರು ಅರಿವಿಲ್ಲದೆಯೇ ಹೆಚ್ಚು ಬಾರಿ, ಹೆಚ್ಚು ಹೊತ್ತು ಎಳೆಯತೊಡಗುತ್ತಾರೆ; ಅದರಿಂದ ಫಾರ್ಮಾಲ್ಡಿಹೈಡ್ ಒಳಹೋಗುವುದೂ ಏರುತ್ತದೆ. ಚಟ ತನ್ನ ಪಾಲು ವಸೂಲಿ ಮಾಡಿಯೇ ಮಾಡುತ್ತದೆ.

ಒಳಹೋದ ಮಂಜು ಏನು ಮಾಡುತ್ತದೆ? ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಎರಡಕ್ಕೂ ನೀರು ಹೀರುವ ಗುಣ. ಗಂಟಲು, ಶ್ವಾಸನಾಳದ ಒಳಗೋಡೆಯ ತೇವವನ್ನು ಅವು ಎಳೆದುಕೊಳ್ಳುತ್ತವೆ. ಬಾಯಿ ಒಣಗುವುದು, ಪದೇ ಪದೇ ನೀರು ಕುಡಿಯಬೇಕೆನಿಸುವುದು ಇದರಿಂದ. ಶ್ವಾಸನಾಳದ ಒಳಗೋಡೆಗೆ ಲೋಳೆಯ ಲೇಪವಿದೆ; ಅದರಡಿ ಕೋಟ್ಯಂತರ ಸೂಕ್ಷ್ಮರೋಮಗಳು ಒಂದೇ ಲಯದಲ್ಲಿ ಬಡಿಯುತ್ತ ಧೂಳು, ರೋಗಾಣು ಸಮೇತ ಲೋಳೆಯನ್ನು ಗಂಟಲ ಕಡೆ ತಳ್ಳುತ್ತಿರುತ್ತವೆ. ಲೋಳೆ ಒಣಗಿ ಗಟ್ಟಿಯಾದರೆ ಈ ಸಾಗಾಣಿಕೆ ನಿಧಾನವಾಗುತ್ತದೆ. ಉಳಿದದ್ದನ್ನು ಹೊರಹಾಕಲು ದೇಹಕ್ಕಿರುವ ದಾರಿ ಕೆಮ್ಮು. ಶ್ವಾಸನಾಳದ ನರತುದಿಗಳಲ್ಲಿ ಘಾಟನ್ನು ಗುರುತಿಸುವ ಗ್ರಾಹಕಗಳಿವೆ. ಅಕ್ರೋಲೀನ್‌ಗೂ, ದಾಲ್ಚಿನ್ನಿ ಸ್ವಾದದ ಸಿನಮಾಲ್ಡಿಹೈಡ್‌ಗೂ ಒಂದೇ ಗ್ರಾಹಕ ಸ್ಪಂದಿಸುತ್ತದೆ. ಅದು ಕೆರಳಿದರೆ ಕೆಮ್ಮು ಬರುತ್ತದೆ, ನಾಳದ ಸ್ನಾಯು ಬಿಗಿಯುತ್ತದೆ. ಅಸ್ತಮಾ ಇರುವವರಲ್ಲಿ ಆ ಬಿಗಿತವೇ ಉಬ್ಬಸಕ್ಕೆ ತಿರುಗಬಹುದು.

ಇನ್ನೂ ಕೆಳಗೆ, ಗಾಳಿಚೀಲಗಳ ಮಟ್ಟದಲ್ಲಿ, ವಿಷಯ ಅಷ್ಟು ಬೇಗ ಅನುಭವಕ್ಕೆ ಬರುವುದಿಲ್ಲ. ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ನಾಲ್ಕು ತಿಂಗಳು ಆವಿ ಕೊಡಲಾಯಿತು. ಸ್ವಾದವಿಲ್ಲದ, ನಿಕೋಟಿನ್ನೂ ಇಲ್ಲದ ಬರೀ ಗ್ಲೈಕಾಲ್-ಗ್ಲಿಸರಿನ್ ಆವಿ ಸೇವಿಸಿದ ಇಲಿಗಳ ಶ್ವಾಸಕೋಶದ ಕಾವಲು ಜೀವಕೋಶಗಳಲ್ಲೂ ಕೊಬ್ಬು ಶೇಖರವಾಗಿತ್ತು. ಗಾಳಿಚೀಲಗಳು ಮುದುಡದಂತೆ ಕಾಪಾಡುವ ಜಿಡ್ಡುಪದರದ ಹದ ಕೆಟ್ಟಿತ್ತು. ಫ್ಲೂ ವೈರಸ್ ತಗುಲಿಸಿದಾಗ ಅವು ಹೆಚ್ಚು ನರಳಿದವು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೇ ಅಂಟಿಸುವಂತಿಲ್ಲ. ಆದರೂ ನಿಕೋಟಿನ್ ತೆಗೆದರೆ ಉಳಿಯುವುದು ಬರೀ ನೀರಾವಿ ಎಂಬ ಪ್ರಚಾರಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ.

ಸ್ವಾದಗಳದ್ದೇ ಒಂದು ಅಧ್ಯಾಯ. ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್ ಎಂಬ ರಾಸಾಯನಿಕದ ಅಪಾಯ ಗೊತ್ತಾಗತೊಡಗಿದ್ದು 2000ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ. ಅಲ್ಲಿ ಕೆಲಸ ಮಾಡಿದ ಕೆಲವರಿಗೆ ಸಣ್ಣ ಶ್ವಾಸನಾಳಗಳು ಗಾಯಗೊಂಡು ಮುಚ್ಚಿಹೋಗುವ, ಮತ್ತೆ ಸರಿಯಾಗದ ಕಾಯಿಲೆ ಬಂದಿತ್ತು. ಪಾಪ್‌ಕಾರ್ನ್ ಲಂಗ್ ಎಂಬ ಅಡ್ಡಹೆಸರು ಅದಕ್ಕೆ ಅಂಟಿತು. ಹಾರ್ವರ್ಡ್‌ನ ಸಂಶೋಧಕರು 2015ರಲ್ಲಿ 51 ಬಗೆಯ ಇ-ಸಿಗರೇಟ್ ಸ್ವಾದಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಸಿಕ್ಕಿತು. ಸಿಗರೇಟಿನ ಹೊಗೆಯಲ್ಲಿ ಇದು ಇನ್ನೂ ಹೆಚ್ಚಿರುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕು. ಬ್ರಿಟನ್‌ನಲ್ಲಿ ಇ-ಸಿಗರೇಟಿನ ದ್ರವಕ್ಕೆ ಡೈಅಸಿಟೈಲ್ ಸೇರಿಸುವಂತಿಲ್ಲ.

ತಂತಿಯೂ ಆವಿಗೆ ತನ್ನ ಪಾಲು ಸೇರಿಸುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ 56 ಮಂದಿ ನಿತ್ಯ ಬಳಕೆದಾರರ ಸಾಧನಗಳನ್ನು ಪಡೆದು ಪರೀಕ್ಷಿಸಿದರು. ಬಾಟಲಿಯಲ್ಲಿದ್ದ ದ್ರವದಲ್ಲಿ ಅತ್ಯಲ್ಪವಾಗಿದ್ದ ಸೀಸ, ನಿಕಲ್, ಕ್ರೋಮಿಯಂ, ಮ್ಯಾಂಗನೀಸ್‌ಗಳು ಕಾಯಿಲ್ ದಾಟಿ ಬಂದ ಆವಿಯಲ್ಲಿ ಎಷ್ಟೋ ಹೆಚ್ಚಿದ್ದವು. ಕಾಯಿಲ್ ಆಗಾಗ ಬದಲಿಸುವವರ ಆವಿಯಲ್ಲಿ ಲೋಹ ಕಡಿಮೆಯಿರಬಹುದೆಂದು ಯಾರಾದರೂ ಊಹಿಸಿಯಾರು. ಕಂಡದ್ದು ಅದರ ತಿರುಗುಮುರುಗು. ಹಕ್ಕಳೆಯ ತೊಂದರೆಗೆ ಹೊಸ ಕಾಯಿಲ್ ಪರಿಹಾರವಾದರೆ, ಲೋಹದ ತೊಂದರೆಗೆ ಅದೇ ಕಾರಣವಾಗುವಂತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿ 2020ರಲ್ಲಿ ನಡೆದ ಪ್ರಯೋಗವೊಂದು ಸಬ್-ಓಮ್ ಬಳಕೆಗೆ ಇನ್ನೂ ಹತ್ತಿರದ್ದು. ಸ್ಟೇನ್‌ಲೆಸ್ ಸ್ಟೀಲ್ ಕಾಯಿಲ್ ತೆಗೆದು ನಿಕ್ರೋಮ್ ಕಾಯಿಲ್ ಹಾಕಿ ಹೆಚ್ಚು ವ್ಯಾಟ್‌ನಲ್ಲಿ ಆವಿ ಕೊಟ್ಟಾಗ ಇಲಿಗಳು ಉಸಿರಿಗೆ ತೊಳಲಾಡಿದವು, ಅವುಗಳ ಶ್ವಾಸಕೋಶಕ್ಕೆ ತೀವ್ರ ಗಾಯವಾಗಿತ್ತು.

2019ರಲ್ಲಿ ಅಮೆರಿಕದಲ್ಲಿ ಹಬ್ಬಿದ ಶ್ವಾಸಕೋಶದ ಗಾಯದ ಪ್ರಕರಣಗಳನ್ನು ಹಲವರು ಸಬ್-ಓಮ್ ಬಳಕೆಯೊಂದಿಗೆ ಬೆರೆಸುತ್ತಾರೆ. 2020ರ ಫೆಬ್ರವರಿ 18ರವರೆಗೆ ಅಲ್ಲಿ 2,807 ಮಂದಿ ಆಸ್ಪತ್ರೆ ಸೇರಿದ ಅಥವಾ ಸತ್ತ ಪ್ರಕರಣಗಳು ದಾಖಲಾದವು, ಸತ್ತವರು 68. ಬಹುತೇಕರು ಸೇದಿದ್ದು ಗಾಂಜಾದ ಅಂಶವಿದ್ದ ಕಳ್ಳಪೇಟೆಯ ದ್ರವ. 51 ರೋಗಿಗಳ ಶ್ವಾಸಕೋಶ ತೊಳೆದ ನೀರನ್ನು ಪರೀಕ್ಷಿಸಿದಾಗ 48 ಮಂದಿಯಲ್ಲಿ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಕಲಬೆರಕೆ ಸಿಕ್ಕಿತು. ಆ ದುರಂತಕ್ಕೆ ಓಮ್ ಲೆಕ್ಕ ಕಾರಣವಲ್ಲ. ಆದರೆ ಲೇಬಲ್ಲಿಲ್ಲದ ಬಾಟಲಿಯ ದ್ರವವನ್ನು ಎದೆಗೆ ಎಳೆದುಕೊಂಡರೆ ಏನಾಗಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸಿಗರೇಟಿನೊಡನೆ ಹೋಲಿಸದೆ ಈ ಚರ್ಚೆ ಮುಗಿಯದು. ತಂಬಾಕು ಸುಟ್ಟಾಗ ಬರುವ ಟಾರ್, ಕಾರ್ಬನ್ ಮೊನಾಕ್ಸೈಡ್ ವೇಪಿಂಗ್‌ನಲ್ಲಿ ಇಲ್ಲ ಅಥವಾ ಅತ್ಯಲ್ಪ. ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳಿಗಿಂತ ನಿಕೋಟಿನ್ ಇ-ಸಿಗರೇಟಿನಿಂದ ಹೆಚ್ಚು ಜನ ಸಿಗರೇಟು ಬಿಡುತ್ತಾರೆ ಎಂದು ಕಾಕ್ರೇನ್ ಸಂಸ್ಥೆಯ ಪರಿಶೀಲನೆಗಳು ಹೇಳುತ್ತವೆ. ಈ ಮಾತು ಸಿಗರೇಟು ಸೇದುತ್ತಿದ್ದವರಿಗೆ ಸಲ್ಲುತ್ತದೆ. ಎಂದೂ ಸೇದದ ಹದಿಹರೆಯದವರು ಮೋಡದ ಚೆಂದಕ್ಕೆ ಸಬ್-ಓಮ್ ಹಿಡಿದರೆ, ಅವರ ಪಾಲಿಗೆ ಹೋಲಿಸಬೇಕಾದದ್ದು ಶುದ್ಧ ಗಾಳಿಯೊಡನೆ.

ಕೆಮ್ಮೆಲ್ಲಕ್ಕೂ ಆವಿಯೇ ಕಾರಣವಲ್ಲ: ಸಿಗರೇಟು ಬಿಟ್ಟ ಹೊಸತರಲ್ಲಿ ಸೂಕ್ಷ್ಮರೋಮಗಳು ಚೇತರಿಸಿಕೊಂಡು ಹಳೆಯ ಕಫ ಹೊರಹಾಕುವಾಗಲೂ ಕೆಮ್ಮು ಬರುವುದುಂಟು. ಅದು ಕೆಲವು ವಾರಗಳಲ್ಲಿ ಇಳಿಯುತ್ತ ಬರಬೇಕು. ವ್ಯಾಟ್ ಇಳಿಸಿದಾಗ, ಬಾಯಲ್ಲಿ ಹಿಡಿದು ಸೇದುವ ಕ್ರಮಕ್ಕೆ ಮರಳಿದಾಗ, ಸ್ವಾದ ಬಿಟ್ಟಾಗ ಕೆಮ್ಮು ಕಡಿಮೆಯಾದರೆ ಕಾರಣ ಆವಿಯ ಪ್ರಮಾಣ ಅಥವಾ ಸ್ವಾದ ಎಂದು ಸುಮಾರಾಗಿ ಊಹಿಸಬಹುದು. ಪೂರ್ತಿ ಬಿಟ್ಟರೆ ಕೆರೆತ ಸಾಮಾನ್ಯವಾಗಿ ತಾನಾಗಿ ತಗ್ಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಉಬ್ಬಸ, ಎದೆನೋವು, ಜ್ವರ, ಕಫದಲ್ಲಿ ರಕ್ತ ಕಂಡರೆ ಕಾಯುವಂತಿಲ್ಲ. ಆಗ ವೈದ್ಯರ ಮುಂದೆ ವೇಪಿಂಗ್ ವಿಷಯ ಮುಚ್ಚಿಡಬಾರದು. ಎಕ್ಸ್-ರೇಯಲ್ಲಿ ಕಾಣುವ ಮಬ್ಬು ನ್ಯುಮೋನಿಯಾದಂತೆಯೇ ತೋರಬಹುದು, ಕಾರಣ ಗೊತ್ತಿಲ್ಲದೆ ಚಿಕಿತ್ಸೆ ದಾರಿ ತಪ್ಪಬಹುದು.

ಇನ್ನು ಕಾನೂನು. ಐರೋಪ್ಯ ಒಕ್ಕೂಟದಲ್ಲಿ ಟ್ಯಾಂಕ್‌ಗೆ 2 ಮಿಲಿಲೀಟರ್, ನಿಕೋಟಿನ್‌ಗೆ ಮಿಲಿಲೀಟರಿಗೆ 20 ಮಿಲಿಗ್ರಾಂ ಮಿತಿ ಇದೆ. ದಿನಕ್ಕೆ ಎಷ್ಟು ಬಾರಿ ಟ್ಯಾಂಕ್ ತುಂಬಬಹುದು ಎಂಬುದಕ್ಕೆ ಮಿತಿಯಿಲ್ಲ. ನಮ್ಮಲ್ಲಿ, ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತು. ಕೇಂದ್ರದ 2019ರ ಕಾಯ್ದೆ ದೇಶದುದ್ದಕ್ಕೂ ಇದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತನ್ನು ನಿಷೇಧಿಸಿದೆ. ಮಾರಾಟದ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೀಗಾಗಿ ಇಲ್ಲಿ ಕದ್ದುಮುಚ್ಚಿ ಸಿಗುವ ಯಾವ ಬಾಟಲಿಯ ಮೇಲಿನ ಮಾತಿಗೂ ಹೊಣೆಗಾರರಿಲ್ಲ: 3 ಮಿಲಿಗ್ರಾಂ ಎಂದು ಬರೆದದ್ದು 3 ಮಿಲಿಗ್ರಾಂ ಆಗಿರಬೇಕೆಂದಿಲ್ಲ. ಬಿಡಬೇಕೆನ್ನುವವರಿಗೆ ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.